ಕೊನೆಯ ಗೌರವ ಕಾಯ್ದ ಮನೆಗಳು

ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಶವಸಂಸ್ಕಾರದ ಮಾತೇಕೆ ಎಂದು ಓದುಗರಿಗೆ ಅನಿಸಬಹುದು. ಆದರೆ ಹುಟ್ಟೂರು ಬಿಟ್ಟು ಬಂದ ನಾವೆಲ್ಲರೂ ಒಂದಲ್ಲ ಒಂದು ರಾತ್ರಿ "ಇಲ್ಲಿ ಕಣ್ಣು ಮುಚ್ಚಿದರೆ ನಮ್ಮನ್ನು ಹೊರುವವರು ಯಾರು?" ಎಂದು ಕೇಳಿಕೊಂಡವರೇ. ಟೆಕ್ಸಸ್ಸಿನ ಕಪ್ಪು ಜನರು ಈ ಪ್ರಶ್ನೆಯನ್ನು ತಮ್ಮ ಸ್ವಂತ ಊರಿನಲ್ಲೇ ಎದುರಿಸಬೇಕಾಯಿತು.

ವರ್ಣಭೇದದ ಕಾಲದಲ್ಲಿ ಶಾಲೆ, ಆಸ್ಪತ್ರೆಗಳಂತೆ ಸ್ಮಶಾನವೂ ಬೇರೆಯಾಗಿತ್ತು. ಬಿಳಿಯರ ಶವಸಂಸ್ಕಾರ ಸಂಸ್ಥೆಗಳಲ್ಲಿ ಕಪ್ಪು ಜನರ ಶವಕ್ಕೆ ಪ್ರವೇಶವಿರಲಿಲ್ಲ, ಇದ್ದರೂ ಹಿಂಬಾಗಿಲಿನಿಂದ. ಹೀಗಾಗಿ ಅವರು ತಮ್ಮವೇ ಸಂಸ್ಥೆಗಳನ್ನು ಕಟ್ಟಿಕೊಂಡರು. ಆಸ್ಟಿನ್ನಿನ ಕಿಂಗ್-ಟಿಯರ್ಸ್ ಮೋರ್ಚುರಿಯ ಮೂಲ 1901ರಷ್ಟು ಹಳೆಯದು. 1928ರ ನಗರಯೋಜನೆ ಕಪ್ಪು ಜನರ ಶಾಲೆ, ಉದ್ಯಾನಗಳನ್ನು ಪೂರ್ವಭಾಗಕ್ಕೇ ಸೀಮಿತಗೊಳಿಸಿ ಅವರನ್ನು ಅತ್ತ ತಳ್ಳಿತು. ಈ ಸಂಸ್ಥೆ ಇರುವುದೂ ಆ ಭಾಗದ ಹನ್ನೆರಡನೇ ಬೀದಿಯಲ್ಲೇ.

ಈ ಮನೆಗಳ ಕೆಲಸ ಹೂಳುವುದಷ್ಟೇ ಆಗಿರಲಿಲ್ಲ. 1970ರ ದಶಕದವರೆಗೂ ಟೆಕ್ಸಸ್ಸಿನ ಅನೇಕ ಊರುಗಳಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು ಶವಸಂಸ್ಕಾರದವರೇ. ಶವ ಸಾಗಿಸುವ ವಾಹನವೇ ರೋಗಿಗಳನ್ನೂ ಆಸ್ಪತ್ರೆಗೆ ಒಯ್ಯುತ್ತಿತ್ತು. ವಾರಕ್ಕೆ ಕೆಲವೇ ಸೆಂಟ್ ಕಟ್ಟಿಸಿಕೊಳ್ಳುವ ವಿಮೆಯಿಂದ ಬಡವರಿಗೂ ಮರ್ಯಾದೆಯ ಅಂತ್ಯಕ್ರಿಯೆ ದೊರೆಯುತ್ತಿತ್ತು.

ಇನ್ನೊಂದು ಸಂಗತಿಯಿದೆ. ಕಪ್ಪು ಶಾಲಾ ಶಿಕ್ಷಕರ ಸಂಬಳ ಬಿಳಿಯರ ಕೈಯಲ್ಲಿತ್ತು. ಎದುರು ಮಾತಾಡಿದರೆ ಕೆಲಸ ಹೋಗುತ್ತಿತ್ತು. ಶವಸಂಸ್ಕಾರದವನ ಗಿರಾಕಿಗಳೆಲ್ಲ ಅವನ ಜನವೇ. ಆದ್ದರಿಂದ ದಕ್ಷಿಣದ ರಾಜ್ಯಗಳಲ್ಲಿ ಹಕ್ಕಿನ ಹೋರಾಟಕ್ಕೆ ಹಣ, ಕಾರು, ಸಭೆಗೆ ಜಾಗ ಕೊಡುವ ಧೈರ್ಯ ಈ ವೃತ್ತಿಯವರಲ್ಲಿ ಅನೇಕರಿಗಿತ್ತು. ಕಿಂಗ್-ಟಿಯರ್ಸ್ ನಡೆಸಿದ ಡಾ. ಜಾನ್ ಕ್ಯೂ. ಟೇಲರ್ ಕಿಂಗ್ ಅವರು 1965ರಿಂದ 1988ರವರೆಗೆ ಹ್ಯೂಸ್ಟನ್-ಟಿಲಟ್ಸನ್ ಕಾಲೇಜಿನ ಅಧ್ಯಕ್ಷರೂ ಆಗಿದ್ದರು.

ಸತ್ತವರಿಗೆ ನೆಮ್ಮದಿ ಸಿಕ್ಕಿತೇ? ಹ್ಯೂಸ್ಟನ್ನಿನಲ್ಲಿ 1875ರಲ್ಲಿ ನೋಂದಣಿಯಾದ ಆಲಿವ್‌ವುಡ್ ಸ್ಮಶಾನ ಬಹುಕಾಲ ಪೊದೆಗಳಲ್ಲಿ ಮುಚ್ಚಿಹೋಗಿತ್ತು. ಡಲ್ಲಾಸಿನ ಫ್ರೀಡ್‌ಮನ್ಸ್ ಸ್ಮಶಾನದ ಮೇಲೆಯೇ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ ಹಾದುಹೋಯಿತು. 1990ರ ದಶಕದ ಆರಂಭದಲ್ಲಿ ರಸ್ತೆ ಅಗಲಿಸುವಾಗ 1,100ಕ್ಕೂ ಹೆಚ್ಚು ಸಮಾಧಿಗಳನ್ನು ತೆರೆದು, ಅಸ್ಥಿಗಳನ್ನು ಪಕ್ಕದಲ್ಲೇ ಮತ್ತೆ ಹೂಳಲಾಯಿತು. 1999ರಲ್ಲಿ ಅಲ್ಲಿ ಸ್ಮಾರಕ ಉದ್ಘಾಟನೆಯಾಯಿತು.

ಇದನ್ನು ಓದಿ ಬಿಳಿಯರನ್ನು ಮಾತ್ರ ದೂರುವಂತಿಲ್ಲ. ನಮ್ಮ ನಾಡಿನಲ್ಲೂ ಜಾತಿಗೊಂದು ಸುಡುಗಾಡು ಇರುವ, ದಲಿತರಿಗೆ ಹೂಳಲು ಜಾಗವಿಲ್ಲದ ಹಳ್ಳಿಗಳನ್ನು ನಾವು ಬಲ್ಲೆವು. ಇನ್ನೊಂದು ಋಣವೂ ಉಂಟು: ನಮ್ಮವರಿಗೆ ಈ ದೇಶದ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದು ಕಪ್ಪು ಜನರ ಹೋರಾಟ ಹದಗೊಳಿಸಿದ ನೆಲದಲ್ಲಿ.

ಪ್ಲೇನೋ, ರಿಚರ್ಡ್‌ಸನ್‌ಗಳಿಂದ ನಮ್ಮವರೆಷ್ಟೋ ಮಂದಿ ದಿನವೂ ಅದೇ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ ಮೇಲೆ ಡಲ್ಲಾಸಿಗೆ ಹೋಗುತ್ತಾರೆ. ಒಂದು ಭಾನುವಾರ ಲೆಮನ್ ಅವೆನ್ಯೂ ಬಳಿ ಇಳಿದು, ಮಕ್ಕಳಿಗೆ ಆ ಸ್ಮಾರಕ ತೋರಿಸಿ, ಅಲ್ಲಿ ಮಲಗಿರುವವರು ಯಾರೆಂದು ಕನ್ನಡದಲ್ಲೇ ಹೇಳೋಣ.