ನಿಸ್ತಂತು ಮೌನವೂ ವಿಮಾನಚಾಲಕನ ನಿಯಮವೂ

ಕೊಪ್ಪಳ ತಾಲ್ಲೂಕಿನ ಹಿಟ್ನಾಳವು ತುಂಗಭದ್ರೆಗೆ ಸಮೀಪವಾದ ಗ್ರಾಮ. ನಕಾಶೆಯ ಮೇಲೆ ಮುಂಬಯಿಯಿಂದ ಬಳ್ಳಾರಿಗೆ ಸರಳರೇಖೆಯನ್ನೆಳೆದರೆ ಅದು ಈ ಸೀಮೆಯ ಕುಷ್ಟಗಿಯ ಬಳಿಯಲ್ಲಿ ಹಾಯುವುದು. ಹಿಟ್ನಾಳವು ಅದರ ದಕ್ಷಿಣಕ್ಕೆ ಉಳಿಯುವುದು. ಭಾರತದ ವಿಮಾನ ಟಪಾಲಿನ ಚರಿತ್ರೆಯಲ್ಲಿ ಈ ದಿಕ್ಕಿಗೊಂದು ಸ್ಥಾನವುಂಟು. 1932ನೆಯ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಟಪಾಲನ್ನು ತಂದರು. ಅದನ್ನು ಅಲ್ಲಿಂದ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. 'ಪುಸ್ ಮಾತ್' ಎಂಬ ಆ ಕಿರುವಿಮಾನಗಳಲ್ಲಿ ನಿಸ್ತಂತು ಯಂತ್ರವಿರಲಿಲ್ಲ. ಹಿಟ್ನಾಳದ ನೆರೆಯ ಜಲಾಶಯದ ಕೆಲಸವೂ 1945ಕ್ಕೆ ಮೊದಲು ಆರಂಭವಾಗಿರಲಿಲ್ಲ. ನದಿ, ಬೆಟ್ಟ, ರೈಲುದಾರಿಗಳೇ ಅಂದಿನ ಚಾಲಕನ ಗುರುತುಗಳು.

ಅಂದು ಮೌನವು ಆಕಾಶಯಾನದ ಸಹಜ ಸ್ಥಿತಿಯಾಗಿತ್ತು. ನೆಲದ ಮೇಲಿನವರು ಚಾಲಕನ ಮಾತನ್ನು ನಿರೀಕ್ಷಿಸುತ್ತಿರಲಿಲ್ಲ. ಅವನ ದಾರಿಗೆ ಅಡ್ಡ ಬರುವ ವಿಮಾನಗಳೂ ವಿರಳ. ಬಳಿಕ ನಿಸ್ತಂತುವು ಬಂದು ವಿಮಾನಗಳ ಸಂಖ್ಯೆಯೂ ಹೆಚ್ಚಲು, ಅದೇ ಮೌನವು ಅಪಾಯವೆನಿಸಿತು. ಆದುದರಿಂದ ಮೌನಕ್ಕೂ ಒಂದು ಅರ್ಥವನ್ನು ಮೊದಲೇ ನಿಶ್ಚಯಿಸಬೇಕಾಯಿತು. 1919ರ ಪ್ಯಾರಿಸ್ ಒಪ್ಪಂದದಲ್ಲಿಯೇ ದೀಪಗಳಿಗೂ ಸಂಜ್ಞೆಗಳಿಗೂ ನಿಯಮಗಳಿದ್ದವು. 1944ರ ಷಿಕಾಗೋ ಒಪ್ಪಂದದ ತರುವಾಯ ಅವು ವಿಸ್ತಾರಗೊಂಡವು.

ಯಂತ್ರವು ಕೆಟ್ಟಾಗ ಚಾಲಕನು 7600 ಎಂಬ ಸಂಕೇತಾಂಕವನ್ನು ಹಚ್ಚುವನು; ರಾಡಾರಿನ ಮುಂದೆ ಕುಳಿತವರು ಅದನ್ನು ಕಂಡು ವಿಷಯವನ್ನು ತಿಳಿಯುವರು. ಆಕಾಶವು ತಿಳಿಯಾಗಿದ್ದರೆ ನೆಲವನ್ನು ಕಾಣುತ್ತಲೇ ಸಾಗಿ, ಸಮೀಪದ ತಕ್ಕ ನಿಲ್ದಾಣದಲ್ಲಿ ಇಳಿದು, ಬೇಗನೆ ಸುದ್ದಿ ಮುಟ್ಟಿಸಬೇಕು. ಮೋಡದೊಳಗಿದ್ದರೆ ಕಡೆಯದಾಗಿ ವಿಧಿಸಿದ ವೇಗವನ್ನೂ ಎತ್ತರವನ್ನೂ ನಿಯತಕಾಲ ಕಾಯ್ದುಕೊಳ್ಳಬೇಕು. ಈ ಕಾಲವು ಸಾಮಾನ್ಯವಾಗಿ ರಾಡಾರಿಲ್ಲದೆಡೆ 20 ನಿಮಿಷ, ಇರುವೆಡೆ 7 ನಿಮಿಷ. ಅನಂತರ ಮೊದಲೇ ಸಲ್ಲಿಸಿದ ಯಾನಕ್ರಮದಂತೆ ನಡೆದು, ಗೊತ್ತಾದ ವೇಳೆಗೆ ನಿಲ್ದಾಣದ ಮೇಲೆ ಬರಬೇಕು. ಈ ನಡೆಯನ್ನು ಬಲ್ಲ ನಿಯಂತ್ರಕರು ಇತರ ವಿಮಾನಗಳನ್ನು ದೂರವಿರಿಸುವರು.

ನಿಲ್ದಾಣದ ಬಳಿ ದೀಪವೇ ಭಾಷೆ. ಹಾರುವವನಿಗೆ ಸ್ಥಿರವಾದ ಹಸುರು ಇಳಿಯಲು ಅನುಮತಿ. ಸ್ಥಿರವಾದ ಕೆಂಪು, ಇತರರಿಗೆ ದಾರಿ ಬಿಟ್ಟು ಸುತ್ತುತ್ತಿರಬೇಕೆಂಬ ಆಜ್ಞೆ. ಮಿನುಗುವ ಕೆಂಪು, ಇಳಿಯಕೂಡದೆಂಬ ಎಚ್ಚರಿಕೆ. ಹಗಲಿನಲ್ಲಿ ಚಾಲಕನು ರೆಕ್ಕೆಗಳನ್ನೋಲಾಡಿಸಿ ಉತ್ತರ ಕೊಡುವನು.

ವಿನ್ಸೆಂಟರಿಗೆ ತಮ್ಮ ಕಣ್ಣೊಂದೇ ಆಧಾರವಾಗಿತ್ತು. ಇಂದಿನ ಮೂಕ ವಿಮಾನಕ್ಕೆ ಅದು ಸಾಲದು; ಮೇಲಿನವನೂ ಕೆಳಗಿನವನೂ ಒಂದೇ ನಿಯಮವನ್ನು ಬಲ್ಲವರಾಗಿರಬೇಕು. ಅಲ್ಲಿ ಚಾಲಕನು ಸ್ವಂತ ಜಾಣತನದಿಂದ ಹೊಸ ದಾರಿ ಹಿಡಿದರೆ, ಅವನನ್ನು ಕಾಯುವವರ ಲೆಕ್ಕವೇ ತಪ್ಪುವುದು.