ಜಪಾನಿನ ಪುಷ್ಪಮಾರ್ಗ

ದೇವರ ಪೂಜೆಗೆ ಹೂವನ್ನು ಬಿಡಿಸಿ ತರುವುದು ನಮಗೆ ಹೊಸದಲ್ಲ. ಬುಟ್ಟಿಯ ತುಂಬ ಹೂವನ್ನು ತಂದು, ನಾಮಕ್ಕೊಂದರಂತೆ ಅರ್ಚಿಸಿ, ಮರುದಿನ ನಿರ್ಮಾಲ್ಯವೆಂದು ತೆಗೆಯುತ್ತೇವೆ. ಇಲ್ಲಿ ಸಮೃದ್ಧಿಯೇ ಭಕ್ತಿಯ ಗುರುತು. ಜಪಾನಿನಲ್ಲಿಯೂ ಈ ಕಥೆಯು ದೇವರ ಮುಂದಿಟ್ಟ ಹೂವಿನಿಂದಲೇ ಆರಂಭವಾಗುತ್ತದೆ; ಆದರೆ ಅದು ಹೋಗಿ ಮುಟ್ಟಿದ ಸ್ಥಳವು ಬೇರೆ. ಒಂದು ಕೊಂಬೆ, ಎರಡು ಎಲೆ, ಒಂದು ಮೊಗ್ಗು, ಇವನ್ನು ಪಾತ್ರೆಯಲ್ಲಿ ನಿಲ್ಲಿಸುವುದೇ ಅಲ್ಲಿ ಒಂದು ವಿದ್ಯೆಯಾಗಿ ಬೆಳೆಯಿತು. ಅದಕ್ಕೆ ‘ಇಕೆಬಾನ’ ಎಂದು ಹೆಸರು. ‘ಕಾದೋ’, ಎಂದರೆ ಪುಷ್ಪಮಾರ್ಗ, ಎಂದೂ ಕರೆಯುವರು. ಇದು ಒಂದು ಬಗೆಯ ಧ್ಯಾನವೆಂಬ ಮಾತು ಈಗ ಲೋಕಪ್ರಸಿದ್ಧವಾಗಿದೆ. ಆ ಮಾತು ಎಷ್ಟರ ಮಟ್ಟಿಗೆ ಚರಿತ್ರೆಗೆ ಒಪ್ಪುತ್ತದೆಂಬುದನ್ನು ಈ ದಿನ ಪರಿಶೀಲಿಸೋಣ.

ಆರನೆಯ ಶತಮಾನದಲ್ಲಿ ಬೌದ್ಧಧರ್ಮವು ಕೊರಿಯಾದ ಮೂಲಕ ಜಪಾನಿಗೆ ಬಂದಿತು. ಅದರೊಡನೆ ಬುದ್ಧನಿಗೆ ಹೂವನ್ನು ಅರ್ಪಿಸುವ ಸಂಪ್ರದಾಯವೂ ಬಂದಿತು. ಕ್ಯೋತೋ ನಗರದಲ್ಲಿ ರೊಕ್ಕಾಕುದೋ ಎಂಬ ಆರು ಮೂಲೆಯ ದೇವಾಲಯವಿದೆ. ಅದನ್ನು ಶೋತೊಕು ರಾಜಕುಮಾರನು ಸ್ಥಾಪಿಸಿದನೆಂದು ಐತಿಹ್ಯ. ಅಲ್ಲಿಯ ಕೊಳದ ಬಳಿ ಅರ್ಚಕರ ಕುಟೀರವಿದ್ದಿತು. ‘ಇಕೆನೊಬೊ’ ಎಂದರೆ ಕೊಳದ ಕುಟೀರವೆಂದೇ ಅರ್ಥ. ಈ ಕಲೆಯ ಅತ್ಯಂತ ಪ್ರಾಚೀನವಾದ ಪರಂಪರೆಗೆ ಆ ಕುಟೀರದ ಹೆಸರೇ ನಿಂತಿದೆ.

1462ರಲ್ಲಿ ಒಬ್ಬ ಬೌದ್ಧ ಭಿಕ್ಷುವು ತನ್ನ ದಿನಚರಿಯಲ್ಲಿ ಒಂದು ಸಂಗತಿಯನ್ನು ಬರೆದಿಟ್ಟನು. ಇಕೆನೊಬೊ ಸೆಂಕೇ ಎಂಬಾತನು ಚಿನ್ನದ ಕಲಶದಲ್ಲಿ ಹತ್ತಾರು ಕೊಂಬೆಗಳನ್ನು ನಿಲ್ಲಿಸಿದನೆಂದೂ, ರಾಜಧಾನಿಯ ರಸಿಕರು ಅದನ್ನು ನೋಡಲು ನಾಮುಂದು ತಾಮುಂದು ಎಂದು ನೆರೆದರೆಂದೂ ಅದರಲ್ಲಿದೆ. ಇಲ್ಲಿ ನಮ್ಮ ಕಣ್ಣಿಗೆ ಬೀಳುವುದು ಚಿನ್ನ ಮತ್ತು ಜನಸಂದಣಿ. ಧ್ಯಾನದ ಪ್ರಸ್ತಾಪವೇ ಇಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ, 1467ರಲ್ಲಿ, ಓನಿನ್ ಯುದ್ಧವು ಹೊತ್ತಿಕೊಂಡಿತು. 1477ರವರೆಗೆ ನಡೆದ ಆ ಕಲಹದಲ್ಲಿ ಕ್ಯೋತೋ ನಗರದ ಬಹುಭಾಗವು ಸುಟ್ಟು ಬೂದಿಯಾಯಿತು. ಆ ಬಳಿಕ ದೇಶದಲ್ಲಿ ನೂರು ವರ್ಷಗಳ ಕಾಲ ನೆಮ್ಮದಿಯೆಂಬುದಿರಲಿಲ್ಲ.

ಈ ಅಶಾಂತಿಯ ನಡುವೆ, 1542ರಲ್ಲಿ, ಅದೇ ಪರಂಪರೆಯ ಸೆನ್ನೋ ಎಂಬ ಗುರುವು ತನ್ನ ಉಪದೇಶವನ್ನು ಬರಹಕ್ಕಿಳಿಸಿದನು. ಚೆಲುವಾದ ಹೂವನ್ನು ಪಾತ್ರೆಯಲ್ಲಿಟ್ಟು ಸಂತೋಷಪಡುವುದು ಸಾಲದು. ಹೊಲದಲ್ಲಿಯೂ ಬೆಟ್ಟದಲ್ಲಿಯೂ ನೀರಿನ ದಡದಲ್ಲಿಯೂ ಗಿಡವು ಹೇಗೆ ನಿಲ್ಲುವುದೋ ಆ ಸ್ವಭಾವವು ಪಾತ್ರೆಯಲ್ಲಿ ಕಾಣಬೇಕು. ಒಣಗಿದ ಕೊಂಬೆಗೂ ಅಲ್ಲಿ ಸ್ಥಾನವುಂಟು. ಹೂವು ಉದುರುವುದನ್ನು ಕಂಡವನಿಗೆ ಜ್ಞಾನದ ಬೀಜವು ದೊರೆಯಬಹುದು: ಇದು ಅವನ ಅಭಿಪ್ರಾಯದ ಸಾರಾಂಶ. ಚಿನ್ನದ ಕಲಶದಿಂದ ಒಣಕೊಂಬೆಗೆ ಎಂಬತ್ತು ವರ್ಷಗಳ ದೂರ. ಈ ನಡುವೆ ಉರಿದ ನಗರವನ್ನು ಮರೆತು ಈ ಬದಲಾವಣೆಯನ್ನು ತಿಳಿಯುವುದು ಕಷ್ಟವೆಂದು ನಮಗೆ ತೋರುತ್ತದೆ.

ಇನ್ನು ಚಹದ ಗುರುವಾದ ಸೆನ್ ನೊ ರಿಕ್ಯೂ. ಅವನ ತೋಟದಲ್ಲಿ ಬೆಳಗ್ಗೆ ಅರಳಿ ಬೇಗನೆ ಬಾಡುವ ಬಳ್ಳಿಹೂವುಗಳು ತುಂಬಿವೆಯೆಂದು ಕೇಳಿ, ರಾಜ್ಯವನ್ನಾಳುತ್ತಿದ್ದ ಹಿದೆಯೋಶಿಯು ನೋಡಬಂದನಂತೆ. ತೋಟದಲ್ಲಿ ಒಂದು ಹೂವೂ ಇರಲಿಲ್ಲ, ಎಲ್ಲವನ್ನೂ ಕತ್ತರಿಸಲಾಗಿತ್ತು. ಸಿಟ್ಟಾದ ಪ್ರಭುವು ಚಹದ ಕೋಣೆಗೆ ಬಗ್ಗಿ ಬಂದಾಗ ಅಲ್ಲಿ ಒಂದೇ ಒಂದು ಹೂವು ಅವನನ್ನು ಎದುರುಗೊಂಡಿತು. ಕಥೆಯನ್ನು ಇಲ್ಲಿಗೆ ಮುಗಿಸುವುದು ವಾಡಿಕೆ. ಆದರೆ ಚರಿತ್ರೆಯು ಇಲ್ಲಿಗೆ ಮುಗಿಯುವುದಿಲ್ಲ. 1591ರಲ್ಲಿ ಅದೇ ಹಿದೆಯೋಶಿಯ ಆಜ್ಞೆಯಿಂದ ರಿಕ್ಯೂ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸತ್ತನು. ಮರುವರ್ಷ ಹಿದೆಯೋಶಿಯು ಕೊರಿಯಾದ ಮೇಲೆ ದಂಡನ್ನು ಕಳುಹಿಸಿದನು. ಒಂದು ಹೂವಿನ ಮುಂದೆ ಮೌನವಾಗಿ ಕುಳಿತವನು ಕರುಣಾಳುವಾಗಿಯೇ ಏಳುವನೆಂದು ನಂಬುವವರು ಈ ಎರಡು ವರ್ಷಗಳನ್ನು ನೆನೆಯಬೇಕು.

ಹಾಗಾದರೆ ಧ್ಯಾನವೆಂಬ ಮಾತು ಬರಿಯ ಅಲಂಕಾರವೆ? ಅಲ್ಲ. ಕೆಲಸದ ಕ್ರಮವನ್ನು ನೋಡಿದರೆ ಇದು ತಿಳಿಯುತ್ತದೆ. ಮುಂದೆ ಬಳಕೆಗೆ ಬಂದ ಒಂದು ಪದ್ಧತಿಯಲ್ಲಿ ಮುಖ್ಯವಾದ ಕೊಂಬೆಗಳು ಮೂರು. ಆಕಾಶ, ಮನುಷ್ಯ, ಭೂಮಿ ಎಂದು ಅವುಗಳ ಹೆಸರು. ಮೂರೂ ಅಸಮ, ಆದರೆ ನೀರಿನಿಂದ ಮೇಲೇಳುವಲ್ಲಿ ಮೂರೂ ಒಂದೇ ಕಾಂಡದಂತೆ ಕೂಡಿರಬೇಕು. ನಾಳದೊಳಕ್ಕೆ ಗಾಳಿ ಹೋಗದಂತೆ ತುದಿಯನ್ನು ನೀರಿನೊಳಗೆ ಮುಳುಗಿಸಿ ಕತ್ತರಿಸುವರು. ಕೊಂಬೆಗಳ ನಡುವಿನ ಬರಿದಾದ ಎಡೆಗೂ ಹೂವಿನಷ್ಟೇ ಬೆಲೆ. ಕತ್ತರಿಸಿದ ಎಲೆಯನ್ನು ಮತ್ತೆ ಕೂಡಿಸಲು ಬರುವುದಿಲ್ಲವಾದುದರಿಂದ, ಕತ್ತರಿಯನ್ನು ಹಿಡಿದವನ ಮನಸ್ಸು ಬೇರೆ ಕಡೆಗೆ ಹೋಗುವಂತಿಲ್ಲ. ಏಕಾಗ್ರತೆಯೆಂದರೆ ಇದೇ ಅಲ್ಲವೆ?

‘ಜೆನ್’ ಎಂಬ ಶಬ್ದವು ನಮ್ಮ ‘ಧ್ಯಾನ’ವೇ, ಚೀನದಲ್ಲಿ ‘ಚಾನ್’ ಆಗಿ ಜಪಾನಿನಲ್ಲಿ ಜೆನ್ ಆಯಿತು. ಆದರೆ ಇಕೆಬಾನವೆಲ್ಲವೂ ಜೆನ್ ಪಂಥದ್ದೆಂಬುದು ಸರಿಯಲ್ಲ. ರೊಕ್ಕಾಕುದೋ ದೇವಾಲಯವು ತೆಂದಾಯಿ ಪಂಥದ ಪರಂಪರೆಗೆ ಸೇರಿದುದು. ಅರ್ಚಕರ, ಸಾಮಂತರ, ಯೋಧರ ಕೈಯಲ್ಲಿ ಬೆಳೆದ ಈ ವಿದ್ಯೆಯು 1868ರ ಅನಂತರದ ಮೇಜಿ ಕಾಲದಲ್ಲಿ ಹೆಣ್ಣುಮಕ್ಕಳ ಪಾಠಶಾಲೆಗಳನ್ನು ಹೊಕ್ಕಿತು. 1891ರಲ್ಲಿ ಜೊಸಾಯ ಕಾಂಡರ್ ಎಂಬ ಆಂಗ್ಲ ಶಿಲ್ಪಿಯು ಇದರ ಮೇಲೊಂದು ಗ್ರಂಥವನ್ನು ಪ್ರಕಟಿಸಿದನು. 1920ರ ದಶಕದಲ್ಲಿ ಸೆಂದಾಯಿ ನಗರದಲ್ಲಿ ಈ ಕಲೆಯನ್ನು ಕಲಿತ ಗುಸ್ತಿ ಹೆರಿಗೆಲ್ ಎಂಬ ಜರ್ಮನ್ ಮಹಿಳೆಯ ಪುಸ್ತಕವು 1950ರ ದಶಕದ ಕೊನೆಯಲ್ಲಿ ಹೊರಬಂದು, ಜೆನ್ ಮತ್ತು ಪುಷ್ಪ ಎಂಬ ಜೋಡಿಯನ್ನು ಪಾಶ್ಚಾತ್ಯರ ಮನಸ್ಸಿನಲ್ಲಿ ಗಟ್ಟಿಮಾಡಿತು.

ಆದಕಾರಣ ನಮ್ಮ ನಿರ್ಣಯವು ಇಷ್ಟು. ಪುಷ್ಪಮಾರ್ಗವು ಹುಟ್ಟಿದ್ದು ಅರ್ಚನೆಯಾಗಿ, ಬೆಳೆದದ್ದು ವೈಭವವಾಗಿ, ಧ್ಯಾನವಾದದ್ದು ಕೆಲವರು ಕೇಡುಗಾಲದಲ್ಲಿ ಅದನ್ನು ಹಾಗೆ ಮಾಡಿಕೊಂಡುದರಿಂದ. ಅದು ಲೋಕದ ಕತ್ತಿಯನ್ನು ತಡೆಯಲಿಲ್ಲ. ಆದರೆ ನಾಳೆಗೆ ಬಾಡುವುದೆಂದು ತಿಳಿದಿದ್ದರೂ ಈ ದಿನ ಒಂದು ಹೂವನ್ನು ಸರಿಯಾಗಿ ನಿಲ್ಲಿಸಬೇಕೆಂಬ ಶ್ರದ್ಧೆಯನ್ನು ಅದು ಐದು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದೆ. ನಾಳೆ ಬೆಳಗ್ಗೆ ಬುಟ್ಟಿಯಿಂದ ಹೂವನ್ನು ತೆಗೆಯುವಾಗ ನಾವು ಒಂದನ್ನಾದರೂ ಕೈಯಲ್ಲಿ ಹಿಡಿದು, ಒಂದು ನಿಮಿಷ ನೋಡಿ, ಆಮೇಲೆ ಅರ್ಪಿಸಿದರೆ, ಆ ಕೊಳದ ಬಳಿಯ ಅರ್ಚಕರು ನಮಗೆ ಪರಕೀಯರೆಂದು ತೋರುವುದಿಲ್ಲ.