ಅಲಗಿನ ಸವೆತವನ್ನು ಅಳೆಯುವ ಯತ್ನಗಳು: ಒಂದು ಚಾರಿತ್ರಿಕ ಪರಿಶೀಲನೆ

ಟೂಲ್ ಮೊಂಡಾದದ್ದು ಅನುಭವಸ್ಥ ಟರ್ನರ್‌ಗೆ ಹೇಗೆ ತಿಳಿಯುತ್ತದೆ? ಲೇತಿನ ಸದ್ದು ಬದಲಾಗುತ್ತದೆ. ಚಿಪ್ಸಿನ ಬಣ್ಣ ಬೇರೆಯಾಗುತ್ತದೆ. ಜಾಬಿನ ಮೇಲೆ ಉಗುರು ಎಳೆದರೆ ಫಿನಿಶ್ ಕೆಟ್ಟಿರುವುದು ಗೊತ್ತಾಗುತ್ತದೆ. ಕಿವಿ, ಕಣ್ಣು, ಬೆರಳುಗಳ ಈ ಕೆಲಸವನ್ನು ಉಪಕರಣಗಳಿಗೆ ವಹಿಸುವ ಯತ್ನದ ಚರಿತ್ರೆಯನ್ನು ಸಾಮಾನ್ಯವಾಗಿ ಸೆನ್ಸರುಗಳು ದಿನೇದಿನೇ ಸೂಕ್ಷ್ಮವಾಗುತ್ತ ಬಂದ ಕಥೆಯಾಗಿ ಬರೆಯುವುದುಂಟು. ಅದನ್ನು ಒಪ್ಪುವುದು ನನಗೆ ಕಷ್ಟ. ಸೆನ್ಸರಿಗೆ ಸದ್ದು ಬಹಳ ಹಿಂದೆಯೇ ಕೇಳಿಸಿತ್ತು. ಅದು ಸವೆತದ್ದೇ ಸದ್ದು ಎಂದು ಖಚಿತವಾಗಿ ಹೇಳುವುದು ಮಾತ್ರ ಯಾರಿಗೂ ಸುಲಭವಾಗಲಿಲ್ಲ.

1880ರಲ್ಲಿ ಎರಡು ಸಂಗತಿಗಳು ನಡೆದವು. ಪ್ಯಾರಿಸ್ಸಿನಲ್ಲಿ ಕ್ಯೂರಿ ಸೋದರರು ಸ್ಫಟಿಕವನ್ನು ಒತ್ತಿದರೆ ವಿದ್ಯುದಾವೇಶ ಹುಟ್ಟುವುದನ್ನು ಕಂಡರು. ಅಮೆರಿಕದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಲೋಹ ಕತ್ತರಿಸುವ ಪ್ರಯೋಗಗಳನ್ನು ಶುರುಮಾಡಿದ. ಇವೆರಡೂ ಒಂದೇ ಮೇಜಿನ ಮೇಲೆ ಸೇರಲು ಎಂಟು ದಶಕಗಳು ಹಿಡಿದವು.

ಟೇಲರ್ ತನ್ನ 26 ವರ್ಷಗಳ ಫಲಿತಾಂಶವನ್ನು 1906ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟ. ಮೂವತ್ತರಿಂದ ಐವತ್ತು ಸಾವಿರ ಪ್ರಯೋಗಗಳು. ಚಿಪ್ಸಾಗಿ ಹೋದ ಲೋಹ ಎಂಟು ಲಕ್ಷ ಪೌಂಡ್, ಅಂದರೆ ಸುಮಾರು 360 ಟನ್. ಅದರಿಂದ ಹೊರಬಂದ ಸೂತ್ರ ಚಿಕ್ಕದು: ವೇಗವನ್ನು ಟೂಲಿನ ಆಯುಷ್ಯದ ಒಂದು ಘಾತದಿಂದ ಗುಣಿಸಿದರೆ ಸ್ಥಿರಾಂಕ ಸಿಗುತ್ತದೆ. ಹೈಸ್ಪೀಡ್ ಸ್ಟೀಲಿಗೆ ಆ ಘಾತ ಸುಮಾರು 0.125. ಲೆಕ್ಕ ಹಾಕಿ ನೋಡಿದರೆ ವೇಗವನ್ನು ಶೇ. 10ರಷ್ಟು ಏರಿಸಿದೊಡನೆ ಟೂಲಿನ ಆಯುಷ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಟೇಲರ್‌ನ ಉದ್ದೇಶ ಕೆಲಸಗಾರನ ಅಂದಾಜನ್ನು ತೆಗೆದು ಅಲ್ಲಿ ಲೆಕ್ಕವನ್ನು ಕೂರಿಸುವುದಾಗಿತ್ತು. ಆದರೆ ಲೆಕ್ಕ ಹೇಳುವುದು ಸರಾಸರಿಯನ್ನು. ಈಗ ಚಕ್ಕಿನ ಮುಂದೆ ತಿರುಗುತ್ತಿರುವ ಜಾಬಿನೊಳಗೆ ಒಂದು ಗಟ್ಟಿ ಗಂಟು ಇದ್ದರೆ ಅದಕ್ಕೆ ತಿಳಿಯದು.

1920ರ ದಶಕದಲ್ಲಿ ಟೂಲ್ ಮತ್ತು ಜಾಬ್ ಎರಡು ಬೇರೆ ಲೋಹಗಳೆಂಬುದನ್ನೇ ಬಳಸಿಕೊಂಡು, ಅವು ಕೂಡುವ ಜಾಗವನ್ನು ಥರ್ಮೊಕಪಲ್ ಮಾಡಿ ಶಾಖ ಅಳೆದರು. ಜಾಣ ಉಪಾಯ, ಶಾಪ್ ಫ್ಲೋರಿಗೆ ಮಾತ್ರ ಒಗ್ಗಲಿಲ್ಲ.

ನಿಜವಾದ ತಿರುವು 1962–64ರದು. ಅಮೆರಿಕದ ವಾಯುಪಡೆಗಾಗಿ ಬೆಂಡಿಕ್ಸ್ ಕಂಪನಿ ಒಂದು ಮಿಲ್ಲಿಂಗ್ ಯಂತ್ರಕ್ಕೆ ತಿರುಚುಬಲ, ಕಂಪನ, ಟೂಲಿನ ಶಾಖಗಳ ಸೆನ್ಸರುಗಳನ್ನು ಕಟ್ಟಿ, ಅತಿ ಲಾಭದಾಯಕ ವೇಗವನ್ನು ಯಂತ್ರವೇ ಆರಿಸಿಕೊಳ್ಳುವಂತೆ ಮಾಡಲು ಹೊರಟಿತು. ಲಾಭದ ಲೆಕ್ಕಕ್ಕೆ ಸವೆತದ ದರ ಬೇಕಿತ್ತು. ಕತ್ತರಿಸುತ್ತಿರುವಾಗಲೇ ಅದನ್ನು ನಂಬುವಂತೆ ಹೇಳಬಲ್ಲ ಸೆನ್ಸರ್ ಇರಲಿಲ್ಲ. ಹೀಗಾಗಿ ಆ ವ್ಯವಸ್ಥೆ ಕಾರ್ಖಾನೆಗಳಲ್ಲಿ ಬೇರೂರಲಿಲ್ಲ. ಬಲ ಒಂದು ಮಿತಿ ಮೀರದಂತೆ ಫೀಡ್ ತಗ್ಗಿಸುವ ಸರಳ ವ್ಯವಸ್ಥೆಗಳಷ್ಟೇ ಉಳಿದವು.

ಅಷ್ಟಕ್ಕೂ ಅಳೆಯಬೇಕಾದದ್ದು ಎಷ್ಟು? ಟರ್ನಿಂಗ್ ಟೂಲಿನ ಆಯುಷ್ಯ ಪರೀಕ್ಷೆಗೆ 1977ರಲ್ಲಿ ಬಂದ ಐಎಸ್‌ಒ 3685 ಮಾನದಂಡದ ಪ್ರಕಾರ, ಅಲಗಿನ ಪಕ್ಕದಲ್ಲಿ ಹೊಳೆಯುವ ಸವೆತದ ಪಟ್ಟಿ ಸರಾಸರಿ 0.3 ಮಿಲಿಮೀಟರ್ ಅಗಲವಾದರೆ ಕಾರ್ಬೈಡ್ ಟೂಲಿನ ಕಥೆ ಮುಗಿಯಿತು. ಅದೂ ಜಾಬಿಗೆ ಒತ್ತಿಕೊಂಡೇ ಇರುವ ಮೈ. ಮೇಲೆ ಚಿಪ್ಸು, ಕೂಲಂಟು. ನೇರವಾಗಿ ನೋಡುವಂತಿಲ್ಲ. ಆದ್ದರಿಂದಲೇ ಸುತ್ತುಬಳಸಿನ ಸಾಕ್ಷಿಗಳು.

ಮೊದಲ ಸಾಕ್ಷಿ ಬಲ. ಕ್ಯೂರಿಗಳ ಸ್ಫಟಿಕ ಸ್ವಿಟ್ಜರ್ಲೆಂಡಿನ ಕಿಸ್ಟ್ಲರ್ ಕಂಪನಿಯ ಡೈನಮೊಮೀಟರುಗಳಲ್ಲಿ, ಮೂರು ದಿಕ್ಕಿನ ಬಲ ಅಳೆಯುವ ಸಾಧನವಾಗಿ ಪ್ರಯೋಗಾಲಯಗಳಿಗೆ ಬಂತು. ಪಕ್ಕ ಸವೆದಂತೆ ಫೀಡಿನ ದಿಕ್ಕಿನ ಬಲ ಸ್ಪಷ್ಟವಾಗಿ ಏರುತ್ತದೆ. ಆದರೆ ಕಟ್ಟಿನ ಆಳ ತುಸು ಹೆಚ್ಚಿದರೂ ಅದೇ ಬಲ ಏರುತ್ತದೆ. ಮೇಲಾಗಿ ಉಪಕರಣ ದುಬಾರಿ, ಒಂದು ಡಿಕ್ಕಿ ಸಾಕು ಹಾಳಾಗಲು.

ಎರಡನೆಯದು ನಮ್ಮ ಟರ್ನರನ ಕಿವಿಗೆ ಹತ್ತಿರದ್ದು. ಜೋಸೆಫ್ ಕೈಸರ್ 1950ರ ಮ್ಯೂನಿಕ್ ಪ್ರಬಂಧದಲ್ಲಿ, ಎಳೆತಕ್ಕೆ ಸಿಕ್ಕ ಲೋಹ ಹೊರಡಿಸುವ ಸೂಕ್ಷ್ಮ ಧ್ವನಿಗಳನ್ನು ವಿವರಿಸಿದ್ದ. 1977ರಲ್ಲಿ ಜಪಾನಿನ ಇವಾಟಾ ಮತ್ತು ಮೊರಿವಾಕಿ ಅದನ್ನು ಟೂಲಿನ ಸವೆತಕ್ಕೆ ಅನ್ವಯಿಸಿದರು. ಬರ್ಕ್ಲಿಯಲ್ಲಿ ಡೇವಿಡ್ ಡಾರ್ನ್‌ಫೆಲ್ಡ್ ಅದನ್ನು ಬೆಳೆಸಿದರು. ಈ ಧ್ವನಿ ಸುಮಾರು ನೂರು ಕಿಲೋಹರ್ಟ್ಸ್‌ನಿಂದ ಮೇಲಿನದು, ಯಂತ್ರದ ಗಡಗಡ ಸದ್ದಿಗಿಂತ ಬಹಳ ಎತ್ತರದ್ದು. ಆ ಗದ್ದಲ ಇಲ್ಲಿಗೆ ಮುಟ್ಟುವುದಿಲ್ಲ. ಆದರೆ ಚಿಪ್ ತುಂಡಾದರೂ, ಸುರುಳಿ ಜಾಬಿಗೆ ಸುತ್ತಿಕೊಂಡರೂ ಹೊರಡುವುದು ಇದೇ ಧ್ವನಿ. ಟೂಲ್ ಮುರಿದದ್ದನ್ನು ಇದು ಚೆನ್ನಾಗಿ ಹೇಳುತ್ತದೆ. ಮೆಲ್ಲಗೆ ಸವೆಯುವುದರ ವಿಷಯದಲ್ಲಿ ಇದರ ಮಾತು ಅಷ್ಟು ಖಚಿತವಲ್ಲ.

ಶಾಪ್ ಫ್ಲೋರಿನಲ್ಲಿ ಗೆದ್ದದ್ದು, ವಿಚಿತ್ರವೆಂದರೆ, ಇವೆಲ್ಲಕ್ಕಿಂತ ಮಂದವಾದ ಸಾಕ್ಷಿ: ಸ್ಪಿಂಡಲ್ ಮೋಟಾರು ಎಳೆಯುವ ಕರೆಂಟು. ಸಣ್ಣ ಡ್ರಿಲ್ಲಿನ ಪಾಲು ಅದರಲ್ಲಿ ಕಾಣುವುದೇ ಕಷ್ಟ. ಆದರೂ ಅಗ್ಗ, ಕೂಲಂಟಿನ ಬಳಿ ತಂತಿ ಬೇಡ. ಹೊಸ ಟೂಲಿನ ಮೊದಲ ಜಾಬನ್ನು ದಾಖಲಿಸಿಕೊಂಡು ಅದರ ಮೇಲೊಂದು ಮಿತಿಗೆರೆ ಎಳೆದರಾಯಿತು. ಒಂದೇ ಜಾಬು ಸಾವಿರಗಟ್ಟಲೆ ಹೊರಡುವ ಕಡೆ ಇದು ಸಾಕು. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ ಲೇತು ಕಟ್ಟಿದ ಈ ನಾಡಿನ ಬಹುಪಾಲು ಚಿಕ್ಕ ಶೆಡ್ಡುಗಳಲ್ಲಿ ಜಾಬು ಬದಲಾಗುತ್ತಲೇ ಇರುತ್ತದೆ. ಅಲ್ಲಿ ಆ ಗೆರೆಗೆ ಅರ್ಥವಿಲ್ಲ. ಇಷ್ಟು ಪೀಸಿಗೊಮ್ಮೆ ಇನ್ಸರ್ಟ್ ತಿರುಗಿಸು ಎಂಬ ಎಣಿಕೆಯೇ ನಡೆಯುತ್ತದೆ. ಸಿಎನ್‌ಸಿಯ ಟೂಲ್ ಲೈಫ್ ಕೌಂಟರಿನಲ್ಲಿ ಟೇಲರ್ ಇನ್ನೂ ಕೂತಿದ್ದಾನೆ.

ಸವೆತವನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವ ಈಚಿನ ಪ್ರಬಂಧಗಳು ಪದೇಪದೇ ಬಳಸುವುದು, ಯಂತ್ರಗಳ ಆರೋಗ್ಯದ ಮುನ್ಸೂಚನೆಗೆ ಮೀಸಲಾದ 2010ರ ಪಿಎಚ್‌ಎಂ ಸ್ಪರ್ಧೆಯ ದತ್ತಾಂಶವನ್ನು. ನಿಮಿಷಕ್ಕೆ 10,400 ಸುತ್ತು ತಿರುಗುವ ಸ್ಪಿಂಡಲ್. ಬಲ, ಕಂಪನ, ಧ್ವನಿ ಮೂರೂ ಸೆಕೆಂಡಿಗೆ 50,000 ಬಾರಿ ದಾಖಲು. ಆರು ಕಟ್ಟರುಗಳು, ಒಂದೊಂದಕ್ಕೂ 315 ಕಟ್. ಆರರಲ್ಲಿ ಮೂರಕ್ಕೆ ಮಾತ್ರ ಸವೆತದ ಅಂಕಿ ಕೊಟ್ಟಿದ್ದರು. ಆ ಅಂಕಿಗಳು ಬಂದದ್ದು ಯಾವ ಸೆನ್ಸರಿನಿಂದಲೂ ಅಲ್ಲ: ಪ್ರತಿ ಕಟ್ ಮುಗಿದ ಮೇಲೆ ಯಂತ್ರ ನಿಲ್ಲಿಸಿ, ಅಲಗನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆದಿದ್ದರು.